ನಮ್ಮ ಸೈಟು

ಹೊಂಬೆಳಕು ಬಡಾವಣೆಯಲ್ಲಿ ಮಲಗುವವರು ಅಲ್ಲಿ ದುಡಿಯುವುದಿಲ್ಲ. ಅಲ್ಲಿ ದುಡಿಯುವವರು ಅಲ್ಲಿ ಮಲಗುವುದಿಲ್ಲ. ಬೆಳಗಾಯಿತೆಂದರೆ ಗೇಟಿನಿಂದ ಕಾರುಗಳು ಒಂದರ ಹಿಂದೊಂದು ಮೈಸೂರು ರಸ್ತೆಗೆ ಇಳಿಯುತ್ತವೆ. ಯಾರೋ ವೈಟ್‌ಫೀಲ್ಡಿಗೆ, ಯಾರೋ ಎಲೆಕ್ಟ್ರಾನಿಕ್ ಸಿಟಿಗೆ. ಅದೇ ಗೇಟಿನ ಪಕ್ಕದ ಸಣ್ಣ ಬಾಗಿಲಿನಿಂದ ಹೆಂಗಸರು ಒಳಗೆ ಬರುತ್ತಾರೆ. ಕಾರಿನವರು ಇವರನ್ನು ನೋಡುವುದಿಲ್ಲ. ಇವರು ಕಾರಿಗೆ ದಾರಿ ಬಿಟ್ಟು ಮೋರಿಯ ಅಂಚಿಗೆ ಸರಿದು ನಿಲ್ಲುತ್ತಾರೆ. ಆಮೇಲೆ ಸಂಜೆಯತನಕ ಆ ಬಡಾವಣೆ ಇವರದು. ಗುಡಿಸುವುದು, ಒರೆಸುವುದು, ಪಾತ್ರೆ, ಬಟ್ಟೆ, ಮಗು, ಮುದುಕಿ, ನಾಯಿ. ಎಲ್ಲ ಇವರದು. ಬಾತ್‌ರೂಮು ಮಾತ್ರ ಇವರದಲ್ಲ.

ಗಂಗಲಕ್ಷ್ಮಮ್ಮ ಅಲ್ಲಿ ಮೂರು ಮನೆ ಕೆಲಸ ಮಾಡುತ್ತಿದ್ದಳು. ಒಂದೊಂದು ಮನೆಯಲ್ಲೂ ರೂಮಿಗೊಂದು ಬಾತ್‌ರೂಮು, ನೆಂಟರಿಗೆ ಅಂತ ಇನ್ನೊಂದು. ಎಲ್ಲವನ್ನೂ ಮಂಡಿಯೂರಿ ಉಜ್ಜುತ್ತಿದ್ದಳು. ಯಾರದೋ ಕೂದಲು, ಯಾರದೋ ಕಲೆ, ಯಾರದೋ ಮಗು ಅಂಟಿಸಿ ಹೋದದ್ದು. ಒಂದರಲ್ಲೂ ಅವಳು ಕೂರುವ ಹಾಗಿರಲಿಲ್ಲ. ಹಾಗಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಧನ್ಯಶ್ರೀ ಮೇಡಂ ಮನೆಯಲ್ಲಿ ಒಮ್ಮೆ ಹೋಗಿದ್ದಳು. ಆಚೆ ಬಂದಾಗ ಮೇಡಂ ಬಾಗಿಲ ಹತ್ತಿರವೇ ನಿಂತಿದ್ದರು. ಬೈಯಲಿಲ್ಲ. ನೆಲದ ಮೇಲೆ ಆಸಿಡ್ ಬಾಟಲಿ ಇಟ್ಟು, ಇನ್ನೊಂದ್ಸಲ ತೊಳೆದುಬಿಡಿ ಗಂಗಮ್ಮ ಅಂದರು. ತೊಳೆಯುವಷ್ಟು ಹೊತ್ತೂ ಅಲ್ಲೇ ನಿಂತು ನೋಡಿದರು. ಅಷ್ಟು ಸಾಕಾಗಿತ್ತು.

ಆ ಬಡಾವಣೆ ಮೊದಲು ಬೈರಪ್ಪನವರ ರಾಗಿ ಹೊಲ. ಗಂಗಲಕ್ಷ್ಮಮ್ಮ ಹುಡುಗಿಯಾಗಿದ್ದಾಗ ಅವ್ವನ ಹಿಂದೆ ಬಂದು ಅಲ್ಲಿ ಕಳೆ ಕಿತ್ತವಳು. ಹೊಲವನ್ನು ಹೌಸಿಂಗ್ ಸೊಸೈಟಿಯವರು ಕೊಂಡರು. ಬೈರಪ್ಪನವರು ಕೆಂಗೇರಿ ಉಪನಗರದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿ, ಕಾಲ ಮೇಲೆ ಕಾಲು ಹಾಕಿ ಕೂತರು. ಕಳೆ ಕೀಳುತ್ತಿದ್ದ, ಹೊಲದಾಚೆಯ ಗಂಗಲಕ್ಷ್ಮಮ್ಮನ ಕಾಲೊನಿಯವರಿಗೆ ಪೊರಕೆ ಸಿಕ್ಕಿತು. ಕಾಲೊನಿಗೂ ಬಡಾವಣೆಗೂ ಮಧ್ಯೆ ಬದುವಿನ ಮೇಲೊಂದು ಕಾಲುದಾರಿ ಇತ್ತು. ಸೇಫ್ಟಿ ಇಲ್ಲ ಅಂತ ಬಡಾವಣೆಯ ಅಸೋಸಿಯೇಷನ್‌ನವರು ಅಲ್ಲಿ ಗೋಡೆ ಎಬ್ಬಿಸಿದರು. ಈಗ ಕಾಲೊನಿಯಿಂದ ಹೊರಟರೆ ಮೈನ್ ರೋಡ್ ಸುತ್ತಿ, ಗೇಟಿನಲ್ಲಿ ಸೆಕ್ಯುರಿಟಿ ಮುರುಗೇಶನಿಗೆ ಬ್ಯಾಗು ಬಿಚ್ಚಿ ತೋರಿಸಿ ಒಳಗೆ ಬರಬೇಕು. ಮನೆಗೆ ಹೋಗಿ ಬರುವ ಹೊತ್ತಿನಲ್ಲಿ ಇನ್ನೊಂದು ಮನೆಯ ಕೆಲಸ ಮುಗಿಯುತ್ತದೆ. ಒಂದಕ್ಕೆ ಅಂತ ಯಾವ ಮೇಡಮ್ಮೂ ಅಷ್ಟು ಹೊತ್ತು ಬಿಡುವುದಿಲ್ಲ.

ಮೊದಲೆಲ್ಲ ವರಲಕ್ಷ್ಮಿಯ ಟೈಲರಿಂಗ್ ಅಂಗಡಿ ಇತ್ತು. ಒಂದು ಮನೆಯ ಕಾರು ನಿಲ್ಲಿಸುವ ಜಾಗವನ್ನು ಬಾಡಿಗೆಗೆ ಹಿಡಿದು ಮಿಷನ್ ಹಾಕಿಕೊಂಡಿದ್ದಳು. ಹಿಂದುಗಡೆ ಒಂದು ಕಕ್ಕಸ್ಸು. ಅಗಳಿ ಸರಿ ಇರಲಿಲ್ಲ, ಕೈಯಲ್ಲಿ ಬಾಗಿಲು ಹಿಡಿದು ಕೂರಬೇಕಿತ್ತು. ಆದರೂ ಇಡೀ ಬಡಾವಣೆಯ ಕೆಲಸದ ಹೆಂಗಸರಿಗೆ ಅದೇ ಆಸರೆ. ಹೋಗುವುದು, ಬರುವುದು, ಒಂದು ಗಳಿಗೆ ಕೂತು ಎರಡು ಮಾತಾಡುವುದು. ಅಸೋಸಿಯೇಷನ್ ಸೆಕ್ರೆಟರಿ ಗುರುಬಸಪ್ಪನವರಿಗೆ ಅದು ಕಣ್ಣಿಗೆ ಬಿತ್ತು. ನಿವೃತ್ತ ಇಂಜಿನಿಯರ್ರು, ಬೆಳಗ್ಗೆ ಎದ್ದು ಬಡಾವಣೆ ಸುತ್ತು ಹಾಕುವವರು. ಇದು ವಾಸದ ವಲಯ, ಇಲ್ಲಿ ವ್ಯಾಪಾರ ಕೂಡದು ಅಂತ ಅರ್ಜಿ ಕೊಟ್ಟರು. ಸರ್ಕಾರಿ ಆಫೀಸಿನವರು ಬಂದರು. ಷಟರ್ ಇಳಿಯಿತು. ವರಲಕ್ಷ್ಮಿ ಮಿಷನ್ನನ್ನು ಆಟೋಗೆ ಹೇರಿಕೊಂಡು ಮೂಡಲಪಾಳ್ಯದ ತಮ್ಮನ ಮನೆಗೆ ಹೋದಳು. ಗುರುಬಸಪ್ಪನವರ ಮನೆಯ ಮೇಲಿನ ಎರಡು ಮಹಡಿಯಲ್ಲಿ ಪೀಜಿ ನಡೆಯುತ್ತಿತ್ತು. ಅದು ವ್ಯಾಪಾರ ಅಲ್ಲವಂತೆ. ಅಲ್ಲಿ ಹುಡುಗರು ಮಲಗುತ್ತಾರಲ್ಲ, ಆದ್ದರಿಂದ ಅದು ವಾಸವಂತೆ.

ಅದಾದ ಮೇಲೆ ಹೆಂಗಸರು ಕಂಡುಕೊಂಡದ್ದೇ ಮೂಲೆಯ ಸೈಟು. ಪಾರ್ಕಿನ ಪಕ್ಕ ದೊಡ್ಡದೊಂದು ಸೈಟು ಹಾಗೇ ಬಿದ್ದಿತ್ತು. ಲಂಟಾನ ಮಾರುದ್ದ ಬೆಳೆದಿತ್ತು. ಮುಂದೊಂದು ತಗಡಿನ ಬೋರ್ಡು. ಬಿಸಿಲಿಗೆ ಬಣ್ಣ ಎದ್ದುಹೋಗಿ ಮೇಲಿನ ಸಾಲುಗಳು ಅಳಿಸಿದ್ದವು. ಕೊನೆಯ ಮಾತೊಂದೇ ಉಳಿದಿತ್ತು. ಗಂಗಲಕ್ಷ್ಮಮ್ಮ ನಾಲ್ಕನೇ ಕ್ಲಾಸು ಓದಿದವಳು. ಅಕ್ಷರ ಕೂಡಿಸಿ ಓದಿದಳು. ಮೀ, ಸ, ಲು.

"ನಮ್ದೇ ಕಣ್ರೇ ಇದು," ಅಂದಳು.

ಅವಳು ತಮಾಷೆಗೆ ಅಂದದ್ದಲ್ಲ. ಕಾಲೊನಿಯಲ್ಲಿ ಆ ಮಾತಿಗೆ ಇರುವುದು ಒಂದೇ ಅರ್ಥ. ಮಗನಿಗೆ ಹಾಸ್ಟೆಲ್ ಸೀಟು ಸಿಕ್ಕಿದ್ದು ಮೀಸಲು ಅಂತ. ಗಂಡ ಮುನಿರಾಮಯ್ಯನ ಅಣ್ಣ ಒಂದು ಸಲ ಪಂಚಾಯ್ತಿಗೆ ನಿಂತಿದ್ದು ಮೀಸಲು ಅಂತ. ಮೀಸಲು ಅಂತ ಬರೆದ ಕಡೆ ತಮ್ಮವರು ಹೋಗಬಹುದು, ಬರೆಯದ ಕಡೆ ಯೋಚನೆ ಮಾಡಿ ಹೋಗಬೇಕು. ಅವಳ ಪ್ರಪಂಚ ಹಾಗೇ ಇತ್ತು. ಸರ್ಕಾರದವರು ಯಾವತ್ತೋ ಇದೊಂದು ಸೈಟನ್ನು ಕಾಲೊನಿಗೆ ಅಂತ ಬಿಟ್ಟಿದ್ದಾರೆ, ಯಾರೂ ಕೇಳಿಕೊಂಡು ಹೋಗಿಲ್ಲ, ಅಷ್ಟೆ. ಜೊತೆಯ ಸುಮಾ ಎಸ್ಸೆಸ್ಸೆಲ್ಸಿವರೆಗೆ ಓದಿದ ಹುಡುಗಿ. ಅವಳಿಗೆ ಅನುಮಾನ ಬಂತು. ಆದರೆ ಅವಳಿಗೂ ಅರ್ಜೆಂಟಾಗಿತ್ತು. ಸುಮ್ಮನಾದಳು. ರಾಯಚೂರು ಕಡೆಯಿಂದ ಬಂದು ಕಾಲೊನಿಯ ಪಕ್ಕ ಶೀಟಿನ ಮನೆ ಹಾಕಿಕೊಂಡಿದ್ದ ಗುರವ್ವ, ನಿಮಗ ಬಿಟ್ಟಿದ್ದರಾಗ ನನಗೂ ಒಂದೀಟು ಜಾಗ ಕೊಡ್ರೆವ್ವಾ ಅಂತ ನಗುತ್ತಾ ಸೀರೆ ಎತ್ತಿಕೊಂಡು ಪೊದೆಯೊಳಗೆ ನಡೆದಳು.

ಅಂದಿನಿಂದ ಅದಕ್ಕೆ ನಮ್ಮ ಸೈಟು ಅಂತಲೇ ಹೆಸರಾಯಿತು. ಕೆಲಸದ ಮಧ್ಯೆ ಒಬ್ಬರಿಗೊಬ್ಬರು ಮಹಡಿಯಿಂದ ಮಹಡಿಗೆ ಕೂಗಿ, ನಮ್ಮ ಸೈಟ್ ಹತ್ರ ಹೋಗ್ಬರೋಣ ಬಾರೇ ಅನ್ನುವರು. ಒಬ್ಬಳು ಕಾವಲು ನಿಲ್ಲುವಳು, ಇಬ್ಬರು ಕೂರುವರು. ಮುಳ್ಳು ಚುಚ್ಚುತ್ತಿತ್ತು, ಹಾವಿನ ಭಯವಿತ್ತು. ಆದರೆ ಯಾರ ಬಾಗಿಲಲ್ಲೂ ಹಲ್ಲು ಗಿಂಜಬೇಕಾಗಿರಲಿಲ್ಲ. ಈ ಕೂಗಾಟ ಮೇಡಂಗಳ ಕಿವಿಗೂ ಬಿತ್ತು. ಒಂದು ಭಾನುವಾರ ಧನ್ಯಶ್ರೀ ಮೇಡಂ ಕಾಫಿ ಕುಡಿಯುತ್ತಾ, ಗಂಗಮ್ಮ, ನಿಮಗೂ ಸೈಟ್ ಇದೆಯಂತೆ, ಎಲ್ಲಿ ಅಂದರು. ಇಲ್ಲೇ ಹತ್ರ ಮೇಡಂ ಅಂದಳು ಗಂಗಲಕ್ಷ್ಮಮ್ಮ. ನೆಲ ಒರೆಸುತ್ತಿದ್ದವಳು ತಲೆ ಎತ್ತಲಿಲ್ಲ, ನಗು ತಡೆಯುವುದು ಕಷ್ಟವಾಗಿತ್ತು. ಮೇಡಂ ನಗಲಿಲ್ಲ. ಸೈಟು ಇಟ್ಟುಕೊಂಡವರು ನಮ್ಮ ಮನೆಯಲ್ಲಿ ಯಾಕೆ ಪಾತ್ರೆ ತೊಳೆಯುತ್ತಾರೆ ಅಂತ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದುದು ಅಡುಗೆಮನೆಯವರೆಗೂ ಕೇಳಿಸಿತು.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಎದುರು ಮನೆಯ ಬಾಲ್ಕನಿಯಿಂದ ಯಾರೋ ಫೋಟೋ ತೆಗೆದರು. ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನು, ಎತ್ತಿ ಹಿಡಿದ ಸೀರೆ, ಅದರ ಕೆಳಗಿನದು. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಅದನ್ನು ಹಾಕಿ, ನಮ್ಮ ಲೇಔಟಿನ ಸ್ಥಿತಿ ನೋಡಿ ಅಂತ ಬರೆದರು. ಮೂಗು ಮುಚ್ಚಿದ ಮುಖಗಳು ಸಾಲಾಗಿ ಬಂದವು. ಕೆಲಸದವರಿಗೆ ನಾಚಿಕೆ ಇಲ್ಲ ಅಂತ ಒಬ್ಬರು, ಕ್ಯಾಮೆರಾ ಹಾಕಿಸಿ ಅಂತ ಇನ್ನೊಬ್ಬರು. ಅವರೆಲ್ಲ ಎಲ್ಲಿಗೆ ಹೋಗಬೇಕು ಅಂತ ಒಬ್ಬರೂ ಕೇಳಲಿಲ್ಲ.

ಮರುದಿನ ಧನ್ಯಶ್ರೀ ಮೇಡಂ ಗಂಗಲಕ್ಷ್ಮಮ್ಮನನ್ನು ನಡುಮನೆಯಲ್ಲಿ ನಿಲ್ಲಿಸಿ ಆ ಫೋಟೋ ತೋರಿಸಿದರು. ಆನಂದ ನೀಲಿ ಬಣ್ಣದ ಸೀರೆ. ಹಬ್ಬಕ್ಕೆ ಅಂತ ಅವರೇ ಕೊಟ್ಟ ಹಳೆಯದು.

"ಇದೇ ಸೀರೆ ಉಟ್ಕೊಂಡು ನಾನು ಗೃಹಪ್ರವೇಶಕ್ಕೆ ಕೂತಿದ್ದೆ ಗಂಗಮ್ಮ. ಲೇಔಟಲ್ಲಿ ಎಲ್ಲರಿಗೂ ಇದು ನನ್ನ ಸೀರೆ ಅಂತ ಗೊತ್ತು. ನನ್ನ ಮರ್ಯಾದೆ ಏನಾಯ್ತು ಹೇಳಿ."

ಗಂಗಲಕ್ಷ್ಮಮ್ಮ ಫೋಟೋ ನೋಡಿದಳು. ತನ್ನ ಬೆನ್ನನ್ನು ಅವಳು ಯಾವತ್ತೂ ನೋಡಿರಲಿಲ್ಲ. ಇಷ್ಟು ಮುದುಕಿಯಾಗಿದ್ದೀನಾ ಅಂತ ಮೊದಲು ಅನ್ನಿಸಿತು. ಆಮೇಲೆ ಕಿವಿ ಬಿಸಿಯಾಯಿತು. ಇದನ್ನು ಎಷ್ಟು ಜನ ಗಂಡಸರು ನೋಡಿರಬಹುದು. ಸೀರೆ ಒಗೆದು ವಾಪಸ್ ಕೊಡ್ತೀನಿ ಮೇಡಂ ಅಂದಳು. ಯಾರು ಉಡ್ತಾರೆ ಅದನ್ನ, ನೀವೇ ಇಟ್ಕೊಳ್ಳಿ, ಈ ಕಡೆ ಮಾತ್ರ ಉಟ್ಕೊಂಡು ಬರಬೇಡಿ ಅಂದರು ಮೇಡಂ.

ವಾರದೊಳಗೆ ಜೆಸಿಬಿ ಬಂತು. ಲಂಟಾನ ಬುಡಸಮೇತ ಹೋಯಿತು. ಸುತ್ತ ನೀಲಿ ತಗಡು ನಿಂತಿತು. ಅಸೋಸಿಯೇಷನ್ ಅಲ್ಲಿ ಸಮುದಾಯ ಭವನ ಕಟ್ಟುತ್ತದಂತೆ, ಯೋಗಕ್ಕೆ ಒಂದು ಹಾಲ್, ಹುಟ್ಟುಹಬ್ಬಕ್ಕೆ ಒಂದು ಹಾಲ್.

ಹೆಂಗಸರು ನೀರು ಕುಡಿಯುವುದನ್ನು ಬಿಟ್ಟರು. ಮನೆಯಲ್ಲಿ ಕಾಫಿಯನ್ನೂ ಅರ್ಧ ಚೆಲ್ಲಿ ಹೊರಡುವರು. ನಾಲಿಗೆ ಅಂಟಿಕೊಂಡರೂ ಮಧ್ಯಾಹ್ನದ ತನಕ ತಡೆಯುವರು. ಮುಟ್ಟಿನ ದಿನಗಳಲ್ಲಿ ಸುಮಾ ಕೆಲಸಕ್ಕೆ ಬರುವುದನ್ನೇ ಬಿಟ್ಟಳು. ರಜಾ ಜಾಸ್ತಿ ಆಯ್ತು ಅಂತ ಒಂದು ಮನೆಯವರು ಅವಳನ್ನು ಬಿಡಿಸಿದರು. ಗಂಗಲಕ್ಷ್ಮಮ್ಮನಿಗೆ ಕಿಬ್ಬೊಟ್ಟೆಯಲ್ಲಿ ಉರಿ ಶುರುವಾಯಿತು. ಬಗ್ಗಿದರೆ ಚುಚ್ಚುವುದು, ಎದ್ದರೆ ಜಗ್ಗುವುದು. ಬಗ್ಗದೆ ಏಳದೆ ಮಾಡುವ ಕೆಲಸ ಅವಳ ಹತ್ತಿರ ಯಾವುದಿತ್ತು.

ಒಂದು ಮಧ್ಯಾಹ್ನ ಧನ್ಯಶ್ರೀ ಮೇಡಂ ಮನೆಯ ಮೆಟ್ಟಿಲು ಒರೆಸುತ್ತಿದ್ದಳು. ಮೇಡಂ ಅವತ್ತು ಆಫೀಸಿಗೆ ಹೋಗದೆ ಕೆಳಗಿನ ರೂಮಿನಲ್ಲೇ ಮೀಟಿಂಗಿಗೆ ಕೂತಿದ್ದರು. ಗಂಗಲಕ್ಷ್ಮಮ್ಮ ಬಕೆಟ್ಟು ಎತ್ತಿದಳು. ಎತ್ತಿದ್ದೇ ತಡ, ಮೈ ಅವಳ ಮಾತು ಕೇಳಲಿಲ್ಲ. ಬಿಸಿಯಾಗಿ ತೊಡೆಯಗುಂಟ ಇಳಿದು ಗ್ರಾನೈಟಿನ ಮೆಟ್ಟಿಲ ಮೇಲೆ ಹರಿಯಿತು. ಅವಳು ಕಂಬಿ ಹಿಡಿದು ನಿಂತೇ ಇದ್ದಳು. ಮೂರು ಮಕ್ಕಳನ್ನು ಹೆತ್ತವಳು, ಮೊಮ್ಮಗಳನ್ನು ಎತ್ತಿ ಆಡಿಸಿದವಳು. ಆಮೇಲೆ ಬಗ್ಗಿ, ಕೈಯಲ್ಲಿದ್ದ ಅದೇ ಬಟ್ಟೆಯಿಂದ ಅದನ್ನು ಒರೆಸಿದಳು. ಬಟ್ಟೆ ಹಿಂಡಿದಳು, ಮತ್ತೆ ಒರೆಸಿದಳು. ಫಿನಾಯಿಲು ಬಾಟಲಿಯಿಂದ ಹಾಗೇ ಸುರಿದಳು. ಲಂಗ ತೊಡೆಗೆ ಅಂಟಿಕೊಂಡಿತ್ತು. ಮೀಟಿಂಗು ಮುಗಿಸಿ ಆಚೆ ಬಂದ ಮೇಡಂ, ಇವತ್ತು ಮನೆ ಘಮಘಮ ಅಂತಿದೆ ಗಂಗಮ್ಮ, ದಿನಾ ಹೀಗೇ ಒರೆಸಿ ಅಂದರು.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಮುನಿರಾಮಯ್ಯನಿಗೂ ಹೇಳಲಿಲ್ಲ. ಜ್ವರ ಬಂತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಾತ್ರೆ ಕೊಟ್ಟು, ನೀರು ಚೆನ್ನಾಗಿ ಕುಡೀಬೇಕು, ಯಾವ ಕಾರಣಕ್ಕೂ ಕಟ್ಕೊಂಡು ಕೂರಬಾರದು ಅಂದರು. ಒಳ್ಳೆಯ ಹೆಂಗಸು. ಎಲ್ಲಿ ಬಿಡಲಿ ಅಂತ ಅವರನ್ನು ಕೇಳಿ ಏನು ಪ್ರಯೋಜನ.

ಜ್ವರ ಬಿಟ್ಟ ಮೇಲೆ ಅವಳು, ಸುಮಾ, ಗುರವ್ವ ಮೂವರೂ ಗುರುಬಸಪ್ಪನವರ ಮನೆಗೆ ಹೋದರು. ಅವರು ಗೇಟಿನ ಒಳಗೆ ನಿಂತರು, ಇವರು ಹೊರಗೆ. ಸಮುದಾಯ ಭವನದ ಹಿಂದುಗಡೆ ನಮಗೊಂದು ಕಟ್ಟಿಸಿಕೊಡಿ, ನಾವೇ ತೊಳ್ಕೊಂಡು ಇಟ್ಕೋತೀವಿ ಅಂತ ಗಂಗಲಕ್ಷ್ಮಮ್ಮ ಕೇಳಿದಳು. ಕೇಳುವಾಗ ಕೈ ಮುಗಿದಿದ್ದಳು. ಗುರುಬಸಪ್ಪನವರು ಸಿಟ್ಟಾಗಲಿಲ್ಲ. ಅವರು ಯಾರ ಮೇಲೂ ಸಿಟ್ಟಾಗುವವರಲ್ಲ. ಪ್ಲಾನಿನ ಬಗ್ಗೆ ಹೇಳಿದರು. ಬಡಾವಣೆಯ ನಕಾಶೆಯಲ್ಲಿ ಇದೆಲ್ಲ ಹಳದಿ, ಹಳದಿ ಅಂದರೆ ವಾಸ. ಅಲ್ಲಿ ವಾಸ ಮಾಡುವವರ ಲೆಕ್ಕ ಹಾಕಿ ನೀರು, ಚರಂಡಿ, ಪಾರ್ಕು. ನೀವು ಇಲ್ಲಿ ವಾಸ ಇಲ್ಲವಲ್ಲ, ಹಾಗಾಗಿ ಪ್ಲಾನಿನಲ್ಲಿ ನೀವು ಬರುವುದಿಲ್ಲ ಅಂದರು.

ಆಗ ಗಂಗಲಕ್ಷ್ಮಮ್ಮ ಆ ಮಾತು ತೆಗೆದಳು. ಆ ಸೈಟು ಮೀಸಲು ಅಂತ ಬೋರ್ಡ್ ಇತ್ತಲ್ಲ ಸಾರ್, ಅದು ನಮ್ಮೋರಿಗೆ ಬಿಟ್ಟಿದ್ದಲ್ವಾ ಅಂದಳು.

ಗುರುಬಸಪ್ಪನವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹೊಟ್ಟೆ ಕುಲುಕಿಸಿ ನಕ್ಕರು. ಒಳಗಿದ್ದ ಹೆಂಡತಿಯನ್ನು ಕರೆದು, ಇವಳು ಹೇಳೋದು ಕೇಳು ಬಾರೇ ಅಂದರು. ಕಣ್ಣು ಒರೆಸಿಕೊಂಡು ಗಂಗಲಕ್ಷ್ಮಮ್ಮನ ಕಡೆ ತಿರುಗಿದರು.

"ಅದು ನಾಗರಿಕ ಸೌಲಭ್ಯಕ್ಕೆ ಮೀಸಲು ಕಣಮ್ಮ. ನಿಮ್ಮ ಆ ಮೀಸಲಾತಿ ಅಲ್ಲ. ಓದಕ್ಕೂ ಮೀಸಲಾತಿ, ಕೆಲಸಕ್ಕೂ ಮೀಸಲಾತಿ, ಈಗ ಉಚ್ಚೆ ಹುಯ್ಯೋಕೂ ಬೇಕಾ?"

ಗಂಗಲಕ್ಷ್ಮಮ್ಮನ ಮುಗಿದ ಕೈ ಹಾಗೇ ಇತ್ತು, ಬಿಡಿಸಬೇಕೆಂದು ತೋಚಲಿಲ್ಲ. ಗುರವ್ವ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

"ನಾಗರಿಕ ಅಂದ್ರ ಯಾರ್ರೀ?"

"ಇಲ್ಲಿ ಇರೋರಮ್ಮ."

"ಮುಂಜಾನಿಂದ ಸಂಜೀತನಕ ಇಲ್ಲಿ ಇರೂದು ನಾವ ಅಲ್ಲೇನ್ರೀ? ನಿಮ್ಮೋರು ಮಕ್ಕೊಳ್ಳಾಕ ಬರ್ತಾರ."

ನಗು ನಿಂತಿತು. ಗುರುಬಸಪ್ಪನವರು ಗೇಟಿನ ಚಿಲಕ ಸರಿಯಾಗಿದೆಯಾ ಅಂತ ನೋಡಿ ಒಳಗೆ ಹೋದರು. ಆ ದಿನವೇ ಅವರ ಮನೆಯ ಕೆಲಸದಿಂದ ಗುರವ್ವನನ್ನು ಬಿಡಿಸಲಾಯಿತು.

ಸಮುದಾಯ ಭವನ ಎದ್ದಿತು. ಉದ್ಘಾಟನೆಗೆ ಮೊದಲು ಅದನ್ನು ತೊಳೆಯಲು ಯಾರು ಬೇಕು. ಅಸೋಸಿಯೇಷನ್ನಿನವರು ಮುರುಗೇಶನ ಕೈಲಿ ಹೇಳಿಕಳಿಸಿದರು. ಗುರವ್ವನನ್ನೂ ಕರೆದರು. ಅವಳಷ್ಟು ಗಟ್ಟಿಯಾಗಿ ಉಜ್ಜುವವರು ಬೇರೆ ಯಾರೂ ಇರಲಿಲ್ಲ. ಟೈಲ್ಸಿನ ಮೇಲೆ ಸಿಮೆಂಟು ಅಂಟಿ ಕಲ್ಲಾಗಿತ್ತು. ಆಸಿಡ್ ಹಾಕಿ ಬ್ಲೇಡಿನಲ್ಲಿ ಕೆರೆದರು. ಹೊಗೆಗೆ ಕಣ್ಣು ಉರಿದು, ಬೆರಳ ಸಂದಿಯ ಚರ್ಮ ಸುಲಿದು ಬಂತು. ಹೆಂಗಸರಿಗೆ, ಗಂಡಸರಿಗೆ ಬೇರೆಬೇರೆ ಬಾತ್‌ರೂಮು. ಬಿಳೀ ಕಮೋಡು, ಆಳೆತ್ತರದ ಕನ್ನಡಿ. ತೊಳೆದಾದ ಮೇಲೆ ಮುರುಗೇಶ ಬಂದು ಬೀಗ ಹಾಕಿದ. ಏನ್ಮಾಡ್ಲಿ ಆಂಟಿ, ಅವರು ಹೇಳಿದಾರೆ ಅಂದ. ಅವನ ಮುಖ ಸಣ್ಣಗಾಗಿತ್ತು. ಅವನೂ ಗೇಟಿನ ಹಿಂದೆ ಬಾಟಲಿಯಲ್ಲಿ ಹೊಯ್ಯುವವನೇ.

ಉದ್ಘಾಟನೆಯ ದಿನ ಗುರವ್ವ, ಸುಮಾ ಊಟದ ತಟ್ಟೆ ತೊಳೆಯಲು ಬಂದಿದ್ದರು. ಗಂಗಲಕ್ಷ್ಮಮ್ಮನಿಗೆ ಬೇರೆ ಕೆಲಸ ಕೊಟ್ಟರು. ಹೆಂಗಸರ ಬಾತ್‌ರೂಮಿನ ಬಾಗಿಲ ಪಕ್ಕ ಮಾಪು ಹಿಡಿದು ನಿಲ್ಲಬೇಕು. ಬಂದ ಹೆಂಗಸರು ಹೋಗಿ ಬಂದಂತೆಲ್ಲ ಒಳಗೆ ನೀರು, ಹೆಜ್ಜೆ ಒರೆಸಬೇಕು. ಅಷ್ಟೆ. ಅವಳು ಬೆಳಗ್ಗೆಯಿಂದ ನಿಂತಳು. ಡಾಕ್ಟರಮ್ಮ ಹೇಳಿದ್ದಾರೆ ಅಂತ ನೀರು ಕುಡಿದು ಬಂದಿದ್ದಳು. ರೇಷ್ಮೆ ಸೀರೆಗಳು ಒಳಗೆ ಹೋದವು, ಬಂದವು. ಹೋಗುವಾಗ ಅವಸರದ ಮುಖ, ಬರುವಾಗ ಹಗುರ ಮುಖ. ಎಲ್ಲವನ್ನೂ ಅವಳು ಹತ್ತಿರದಿಂದ ನೋಡಿದಳು. ಎಲ್ಲರಿಗೂ ಬರುವುದು ಅದೇ, ಹೋಗುವುದು ಅದೇ. ಒಳಗೆ ನೀರು ಬಿಡುವ ಸದ್ದು ಕೇಳಿದಾಗೆಲ್ಲ ಅವಳ ಕಿಬ್ಬೊಟ್ಟೆ ಹಿಂಡುತ್ತಿತ್ತು. ಹಾಲಿನಲ್ಲಿ ಭಾಷಣ ನಡೆಯುತ್ತಿತ್ತು. ನಮ್ಮ ಬಡಾವಣೆ ಒಂದು ಕುಟುಂಬವಿದ್ದ ಹಾಗೆ ಅಂತ ಗುರುಬಸಪ್ಪನವರ ದನಿ ಮೈಕಿನಲ್ಲಿ ಕೇಳುತ್ತಿತ್ತು.

ಧನ್ಯಶ್ರೀ ಮೇಡಂ ಬಾತ್‌ರೂಮಿನಿಂದ ಕೈ ಒರೆಸಿಕೊಳ್ಳುತ್ತಾ ಬಂದರು. ಗಂಗಲಕ್ಷ್ಮಮ್ಮ ಗೋಡೆಗೆ ಒರಗಿದ್ದಳು. ಕಾಲು ಒಂದಕ್ಕೊಂದು ಹೆಣೆದುಕೊಂಡಿದ್ದವು.

"ಮೇಡಂ, ನಾನೂ ಒಂದ್ಸಲ ಹೋಗ್ಲಾ? ಆಗ್ತಾ ಇಲ್ಲ."

ಮೇಡಂ ಸುತ್ತ ನೋಡಿದರು. ದನಿ ತಗ್ಗಿಸಿದರು.

"ಗೆಸ್ಟ್‌ಗಳು ಇದಾರೆ ಗಂಗಮ್ಮ. ಸಂಜೆ ಮನೆಗೆ ಹೋಗ್ತೀರಲ್ಲ. ಒಳಗೆ ಸ್ವಲ್ಪ ನೀರು ನಿಂತಿದೆ, ಒರೆಸಿಬಿಡಿ."

ಹೇಳಿ ಹಾಲಿನ ಕಡೆ ಹೋದರು. ಗಂಗಲಕ್ಷ್ಮಮ್ಮ ಅವರ ಬೆನ್ನು ನೋಡಿದಳು. ಮೆಟ್ಟಿಲ ಮೇಲಿನ ಆ ಮಧ್ಯಾಹ್ನ ಇನ್ನೊಂದು ಸಲ ಇವತ್ತು ಇಲ್ಲಿ, ಈ ಎಲ್ಲರ ಮುಂದೆ ಆಗುತ್ತದೆ. ಇಲ್ಲವೇ ತಾನು ಈ ಬಾಗಿಲೊಳಗೆ ಹೋಗಬೇಕು. ನಡುವೆ ಇನ್ನೇನೂ ಉಳಿದಿರಲಿಲ್ಲ. ನಾಳೆ ಮೂರು ಮನೆಯೂ ಹೋಗುತ್ತದೆ, ಅದು ಅವಳಿಗೆ ಗೊತ್ತಿತ್ತು. ಮುನಿರಾಮಯ್ಯ ಏನನ್ನುತ್ತಾನೋ ಅನ್ನುವುದೂ ಮನಸ್ಸಿಗೆ ಬಂತು. ಅವಳು ಮಾಪನ್ನು ಹೊರಗಿನ ಗೋಡೆಗೆ ಒರಗಿಸಿದಳು. ಒಳಗೆ ಹೋದಳು. ಅಗಳಿ ಹಾಕಿದಳು.

ಕೂತಳು. ಬರಲಿಲ್ಲ. ಇಷ್ಟು ದಿನ ಕಟ್ಟಿ ಕಟ್ಟಿ ಕಲಿತ ಮೈ ಬಿಡು ಅಂದರೆ ಬಿಡಲಿಲ್ಲ. ಅವಳು ತಾನೇ ಉಜ್ಜಿದ ಗೋಡೆಗೆ ಕೈ ಕೊಟ್ಟು ಕಾದಳು.

ಹೊರಗೆ ಯಾರೋ ಬಾಗಿಲು ತಳ್ಳಿದರು. ಮತ್ತೆ ತಳ್ಳಿದರು. ಮಾಪು ಇಲ್ಲೇ ಇದೆ, ಕೆಲಸದವಳು ಎಲ್ಲಿ ಅಂತ ಒಂದು ದನಿ. ಧನ್ಯಶ್ರೀ ಮೇಡಂ ಬಂದರು, ಗಂಗಮ್ಮ ಅಂತ ಮೆಲ್ಲಗೆ ಕರೆದರು, ಆಮೇಲೆ ಜೋರಾಗಿ ಕರೆದರು. ಗುರುಬಸಪ್ಪನವರ ದನಿಯೂ ಬಂತು. ನಾಳೆಯಿಂದ ಇವಳನ್ನ ಗೇಟೊಳಗೆ ಬಿಡಬೇಡ ಅಂತ ಮುರುಗೇಶನಿಗೆ ಹೇಳುತ್ತಿದ್ದರು. ಅದರ ನಡುವೆ ಗುರವ್ವನ ದನಿ.

"ನೂಕಬ್ಯಾಡ್ರಿ. ಸರದಿ ಐತಿ. ಆಕಿ ಆದಮ್ಯಾಲ ನಾನು, ನನ್ನ ಹಿಂದ ಸುಮಾ. ನೀವು ನಮ್ಮ ಹಿಂದ ನಿಂದರ್ರಿ."

ಯಾರೋ ಬಾಗಿಲನ್ನು ಮುಷ್ಟಿಯಿಂದ ಗುದ್ದಿದರು. ಯಾರೇ ಅದು ಒಳಗೆ ಅಂದರು.

ಗಂಗಲಕ್ಷ್ಮಮ್ಮ ತಲೆ ಎತ್ತಿದಳು.

"ಒಳಗೆ ಜನ ಇದೆ," ಅಂದಳು.

ಅಂದು, ಹೊರಗೆ ನಿಂತವರಿಗೆಲ್ಲ ಕೇಳಿಸುವ ಹಾಗೆ ಉಚ್ಚೆ ಹೊಯ್ದಳು.